ದೋಣಿಗೂ ಬೇಕು ಆರ್‌ಸಿ: ವಿಜಯಪುರದ ಕೆರೆಗಳ ಕಡೆ ಹೊರಟವರಿಗೆ

ಮದ್ರಸಕ್ಕೆ ರಜೆ ಸಿಕ್ಕಿತು, ಪೆರ್ನಾಲ್ ಮುಗಿಯಿತು ಎಂದರೆ ನಮ್ಮ ಕರಾವಳಿಯಿಂದ ಬಸ್ಸು ಮಾಡಿಕೊಂಡು ಹೊರಡುವ ಊರುಗಳಲ್ಲಿ ವಿಜಯಪುರವೂ ಒಂದು. ಗೋಳಗುಮ್ಮಟ, ಇಬ್ರಾಹಿಂ ರೋಜಾ, ಜಾಮಿಯಾ ಮಸೀದಿ, ಒಂದೆರಡು ದರ್ಗಾಗಳ ಝಿಯಾರತ್, ದಾರಿಯಲ್ಲಿ ಆಲಮಟ್ಟಿ. ಇಷ್ಟಕ್ಕೆ ಪ್ರವಾಸ ಮುಗಿಯುತ್ತಿತ್ತು. ಈಗ ಮಕ್ಕಳು ಬಸ್ಸು ಹತ್ತುವ ಮೊದಲೇ ಕೇಳುವ ಪ್ರಶ್ನೆ ಬೇರೆ. "ಉಸ್ತಾದ್, ಅಲ್ಲಿ ಬೋಟಿಂಗ್ ಉಂಟಾ?"

ಕೇಳುವುದರಲ್ಲಿ ತಪ್ಪೇನಿಲ್ಲ. ನೀರೆಂದರೆ ನಮ್ಮವರಿಗೆ ಹೊಸತಲ್ಲ. ರಸ್ತೆ, ಸೇತುವೆ ಬರುವ ಮುಂಚೆ ಬಂಟ್ವಾಳದಿಂದ ಮಂಗಳೂರಿಗೆ ಸರಕು ಇಳಿಯುತ್ತಿದ್ದದ್ದು ನೇತ್ರಾವತಿಯ ದೋಣಿಗಳಲ್ಲಿ. ವ್ಯಾಪಾರವನ್ನೇ ಹೆಸರಾಗಿ ಇಟ್ಟುಕೊಂಡ ಬ್ಯಾರಿಗಳಿಗೆ ಕಡವು, ಹುಟ್ಟು, ಜಲ್ಲೆ ಎಲ್ಲ ಮನೆಮಾತು. ಆದರೆ ನದಿ ದಾಟಿಸುವ ದೋಣಿ ಬೇರೆ, ಮೋಜಿಗೆ ತಿರುಗಿಸುವ ಬೋಟ್ ಬೇರೆ. ಹಿಂದಿನ ಕಡವಿನ ಕಾಕನಿಗೆ ಆ ನೀರಿನ ಒಂದೊಂದು ಸುಳಿಯೂ ಗೊತ್ತಿರುತ್ತಿತ್ತು. ಹತ್ತುವವರೂ ದಿನಾ ಹತ್ತುವವರೇ. ಮೋಜಿನ ಬೋಟಿನಲ್ಲಿ ಹತ್ತುವವರಿಗೆ ನೀರು ಹೊಸತು, ಎಷ್ಟೋ ಸಲ ಓಡಿಸುವವನಿಗೂ ಹೊಸತು.

ವಿಜಯಪುರ ಬರದ ಜಿಲ್ಲೆ ಎಂದೇ ನಾವು ಕೇಳಿ ಬೆಳೆದದ್ದು. ಆದರೆ ಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲೇ ಅಲ್ಲಿ ದೊಡ್ಡ ಕೆರೆಗಳೂ ಆದವು ಎಂಬುದನ್ನು ಗೈಡ್‌ಗಳು ಹೆಚ್ಚಾಗಿ ಹೇಳುವುದಿಲ್ಲ. ನಗರದ ದಕ್ಷಿಣಕ್ಕಿರುವ ಬೇಗಂ ತಲಾಬ್ 1651ರದ್ದು. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಹರಿಯುತ್ತಿತ್ತು. ಬಬಲೇಶ್ವರ ತಾಲ್ಲೂಕಿನ ಮಮದಾಪುರದ ಕೆರೆಗಳೂ ಅದೇ ದೊರೆಯ ಕಾಲದವು. ಊರಿನ ಹೆಸರಿನಲ್ಲೇ ಅವನ ಹೆಸರಿದೆ. ಬಹಳ ವರ್ಷ ಒಣಗಿ ಬಿರುಕು ಬಿಟ್ಟಿದ್ದ ಈ ಸೀಮೆಯ ಕೆರೆಗಳಿಗೆ ಈಗ ಮುಳವಾಡ, ತುಬಚಿ-ಬಬಲೇಶ್ವರದಂಥ ಏತ ನೀರಾವರಿ ಯೋಜನೆಗಳಿಂದ ಕೃಷ್ಣೆಯ ನೀರು ಬರುತ್ತಿದೆ. ಒಣದ್ರಾಕ್ಷಿಯ ತಿಕೋಟಾ, ಜೋಳದ ಬಬಲೇಶ್ವರ ಈಚೆಗೆ ತಾಲ್ಲೂಕು ಕೇಂದ್ರಗಳೂ ಆದವು. ನೀರು ಬಂದ ಕಡೆ ಜನ ಬರುತ್ತಾರೆ, ಜನ ಬಂದ ಕಡೆ ವ್ಯಾಪಾರ ಬರುತ್ತದೆ.

ಹೀಗಾಗಿ ಇನ್ನೊಂದು ಪ್ರಶ್ನೆಯೂ ನಮ್ಮ ಕಿವಿಗೆ ಬೀಳುತ್ತಿದೆ. ಆ ಕಡೆ ಬೇಕರಿ, ಹೋಟೆಲ್ ಇಟ್ಟುಕೊಂಡಿರುವ ನಮ್ಮೂರಿನ ಹುಡುಗನೊಬ್ಬ ಫೋನಿನಲ್ಲಿ ಕೇಳಿದ್ದು ಇದು: ಮಲ್ಪೆಯಲ್ಲಿ ಒಂದು ಹಳೆ ಫೈಬರ್ ದೋಣಿ ಕಡಿಮೆ ಬೆಲೆಗೆ ಇದೆ, ಲಾರಿಯಲ್ಲಿ ಹಾಕಿಕೊಂಡು ಹೋಗಿ ಮೇಲೊಂದು ಚಪ್ಪರ, ನಾಲ್ಕು ಸಾಲು ಕುರ್ಚಿ ಕೂರಿಸಿ ಕೆರೆಗೆ ಬಿಟ್ಟರೆ ಹೇಗೆ? ಅವನ ಪಾಲುದಾರ ಅಲ್ಲಿಯವನೇ. ಅವನ ಮಾತು: "ಹಜ್ರತ್, ಇಂಜಿನ್ ಬೋಟ್ ಬಿಟ್ಟರ ಮಂದಿ ತಾನ ಬರ್ತಾರ ಬಿಡ್ರಿ. ಕೆರ್‍ಯಾಗ ಏನ್ ಆರ್‌ಟಿಓ ನಿಂತಿರ್ತಾನೇನ್ರಿ?"

ಕೆರೆಯಲ್ಲಿ ಆರ್‌ಟಿಓ ನಿಂತಿರುವುದಿಲ್ಲ, ಸರಿಯೇ. ಕಾನೂನು ಇದೆ. ಅದರ ಹೆಸರು ಒಳನಾಡು ಹಡಗುಗಳ ಕಾಯ್ದೆ, 2021. ಅದಕ್ಕಿಂತ ಮುಂಚೆ ಇದ್ದದ್ದು 1917ರ ಬ್ರಿಟಿಷ್ ಕಾಲದ ಕಾಯ್ದೆ, ಅದೂ ಮೊದಲು ಬಂದದ್ದು ಉಗಿದೋಣಿಗಳಿಗೆಂದು. ಹಳೆಯದನ್ನು ತೆಗೆದು ಸಂಸತ್ತು ಹೊಸದನ್ನು ಮಾಡಿತು, 2022ರಿಂದ ಅದು ಜಾರಿಯಲ್ಲಿದೆ. ಹಡಗು ಎಂಬ ಶಬ್ದ ನೋಡಿ ಇದು ಹಡಗಿನ ಕಂಪೆನಿಗಳಿಗೆ, ನಮಗಲ್ಲ ಎಂದುಕೊಳ್ಳಬಾರದು. ನದಿ, ಕಾಲುವೆ, ಕೆರೆ, ದೋಣಿ ಹೋಗಬಲ್ಲ ಒಳನಾಡಿನ ನೀರೆಲ್ಲ ಅದರೊಳಗೆ ಬರುತ್ತದೆ. ಆ ನೀರಿನಲ್ಲಿ ಇಂಜಿನ್ ಹಾಕಿದ ಬೋಟ್ ಇಳಿಸಬೇಕಾದರೆ ಎರಡು ಪತ್ರ ಮೊದಲು ಬೇಕು. ಒಂದು ಸರ್ವೆ ಪ್ರಮಾಣಪತ್ರ, ಇನ್ನೊಂದು ನೋಂದಣಿ ಪ್ರಮಾಣಪತ್ರ.

ಸರ್ವೆ ಎಂದರೆ ಜಮೀನಿನ ಸರ್ವೆಯಲ್ಲ. ಸರ್ಕಾರ ನೇಮಿಸಿದ ಸರ್ವೇಯರ್ ಬಂದು ಬೋಟಿನ ತಳ, ಪಕ್ಕೆ, ಇಂಜಿನ್, ಒಳಗೆ ನೀರು ಬಂದರೆ ಹೊರಹಾಕುವ ಪಂಪು, ಬೆಂಕಿ ಆರಿಸುವ ಸಿಲಿಂಡರ್, ಲೈಫ್ ಜಾಕೆಟ್, ಎಸೆಯುವ ತೇಲುಬಳೆ ಎಲ್ಲವನ್ನೂ ನೋಡುತ್ತಾನೆ. ಭಾರ ಹಾಕಿದಾಗ ಅದು ಎಷ್ಟು ವಾಲುತ್ತದೆ ಎಂಬ ಲೆಕ್ಕವೂ ಇರುತ್ತದೆ. ಕೊನೆಗೆ ಅವನು ಒಂದು ಸಂಖ್ಯೆ ಬರೆಯುತ್ತಾನೆ: ಇದರಲ್ಲಿ ಇಷ್ಟೇ ಜನ. ಆ ಒಂದು ಸಂಖ್ಯೆಗೋಸ್ಕರವೇ ಉಳಿದ ಕಾಗದಗಳೆಲ್ಲ ಇವೆ ಎಂದರೂ ತಪ್ಪಿಲ್ಲ. ಸರ್ವೆ ಪತ್ರಕ್ಕೆ ಅವಧಿ ಇದೆ. ಮುಗಿದ ಮೇಲೆ ಮತ್ತೆ ತಪಾಸಣೆ ಆಗಲೇಬೇಕು, ವಾಹನದ ಎಫ್‌ಸಿ ಇದ್ದ ಹಾಗೆ.

ಆ ಪತ್ರ ಹಿಡಿದುಕೊಂಡು ನೋಂದಣಿಗೆ ಹೋಗಬೇಕು. ನಮ್ಮ ರಾಜ್ಯದಲ್ಲಿ ಇದನ್ನು ನೋಡುವುದು ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ, ಕರ್ನಾಟಕ ಜಲಸಾರಿಗೆ ಮಂಡಳಿ. ಇಲಾಖೆಯ ಮುಖ್ಯ ಕಚೇರಿ ಇರುವುದು ಕಾರವಾರದಲ್ಲಿ. ವಿಜಯಪುರದವನಿಗೆ ಕಾರವಾರ ದೂರವೇ, ಅದು ನಮಗೂ ಗೊತ್ತು. ಮಾಲೀಕ ಯಾರು, ಬೋಟ್ ಕಟ್ಟಿದವರು ಯಾರು, ಇಂಜಿನ್ ಯಾವುದು ಎಂಬುದಕ್ಕೆಲ್ಲ ಆಧಾರ ಕೊಟ್ಟರೆ ನೋಂದಣಿ ಆಗಿ ಒಂದು ನಂಬರು ಸಿಗುತ್ತದೆ. ಅದನ್ನು ಎಲ್ಲರಿಗೂ ಕಾಣುವ ಹಾಗೆ ಬೋಟಿನ ಮೇಲೆ ಬರೆಸಬೇಕು. ಹಿಂದೆ ಒಂದು ರಾಜ್ಯದ ಪತ್ರ ಇನ್ನೊಂದರಲ್ಲಿ ನೇರ ನಡೆಯುತ್ತಿರಲಿಲ್ಲ, ಈಗ ದೇಶಕ್ಕೆಲ್ಲ ಒಂದೇ. ಮಾರಿದರೆ ಹೆಸರು ಬದಲಾಯಿಸಬೇಕು. ಇನ್ನು, ಬೋಟಿನ ಆಕಾರವನ್ನು, ಅಂದರೆ ಅದರ ಸಮತೋಲ ಕೆಡಿಸಬಹುದಾದ ಯಾವುದನ್ನೇ ಆಗಲಿ, ಅಧಿಕಾರಿಯ ಒಪ್ಪಿಗೆ ಇಲ್ಲದೆ ಬದಲಾಯಿಸುವ ಹಾಗಿಲ್ಲ.

ಮಲ್ಪೆಯ ಫೈಬರ್ ದೋಣಿಯ ಆಸೆ ಮುರಿಯುವುದು ಇಲ್ಲೇ. ಆ ದೋಣಿಗೆ ಮೀನುಗಾರಿಕೆ ಇಲಾಖೆಯ ನೋಂದಣಿ ಇರಬಹುದು. ಅದು ಮೀನು ಹಿಡಿಯಲು ಇದ್ದ ನೋಂದಣಿ, ಜನರನ್ನು ಹೊರಲು ಅಲ್ಲ. ಮೀನಿನ ದೋಣಿಯಲ್ಲಿ ಬಲೆ, ಮಂಜುಗಡ್ಡೆ, ಮೀನು, ಭಾರವೆಲ್ಲ ತಳದಲ್ಲಿ ಇರುತ್ತದೆ. ಅದಕ್ಕೆ ಮೇಲೆ ಹಲಗೆ ಹಾಸಿ, ಕುರ್ಚಿ ಕೂರಿಸಿ, ಚಪ್ಪರ ಕಟ್ಟಿ, ಅದರ ಮೇಲೂ ನಾಲ್ಕು ಜನ ಹತ್ತಿದರೆ ಭಾರ ಮೇಲಕ್ಕೆ ಬರುತ್ತದೆ. ತಲೆ ಮೇಲೆ ಕೊಡ ಹೊತ್ತವರು ಬಗ್ಗಿದ ಹಾಗೆ, ಒಂದು ಬದಿಗೆ ಸ್ವಲ್ಪ ವಾಲಿದರೂ ಮತ್ತೆ ನೇರ ನಿಲ್ಲುವ ಶಕ್ತಿ ಅದಕ್ಕಿರುವುದಿಲ್ಲ.

ಇದು ಪುಸ್ತಕದ ಮಾತಲ್ಲ. 2023ರ ಮೇ 7, ಭಾನುವಾರ. ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಅಟ್ಲಾಂಟಿಕ್ ಎಂಬ ಪ್ರವಾಸಿ ಬೋಟ್ ಮಗುಚಿ 22 ಜನ ತೀರಿಕೊಂಡರು. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಮಲಬಾರಿನಲ್ಲಿ ನಂಟಸ್ತಿಕೆ ಇದೆ, ಆ ರಾತ್ರಿ ಫೋನುಗಳು ಬಡಿದುಕೊಂಡದ್ದು ಮರೆತಿಲ್ಲ. ಒಂದೇ ಕುಟುಂಬದಲ್ಲಿ 11 ಮಯ್ಯತ್. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಆಮೇಲೆ ಹೊರಬಂದ ವಿವರಗಳನ್ನು ಒಂದೊಂದಾಗಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ಅದು ಮೀನಿನ ದೋಣಿಯನ್ನು ತಿದ್ದಿ ಮಾಡಿದ ಬೋಟ್. ಹತ್ತಿಸಿಕೊಂಡದ್ದು ಹಿಡಿಸುವುದಕ್ಕಿಂತ ಎಷ್ಟೋ ಹೆಚ್ಚು ಜನರನ್ನು. ಹೊರಟದ್ದು ಮಗ್ರಿಬ್ ಹೊತ್ತು ಮೀರಿದ ಮೇಲೆ. ಲೈಫ್ ಜಾಕೆಟ್ ಹೆಚ್ಚಿನವರ ಮೈಮೇಲೆ ಇರಲಿಲ್ಲ. ಬಿರುಗಾಳಿ ಬಂದಿರಲಿಲ್ಲ, ಬಂಡೆಗೆ ಬಡಿದಿರಲಿಲ್ಲ.

ಮರುವರ್ಷ, 2024ರ ಜನವರಿ 18ರಂದು ಗುಜರಾತಿನ ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ಬೋಟ್ ಮುಳುಗಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಹೋದರು. ಅದು ನದಿಯಲ್ಲ, ಸಮುದ್ರವಲ್ಲ, ನಗರದ ನಡುವಿನ ಕೆರೆ. ಅಲ್ಲೂ ಅಳತೆ ಮೀರಿದ ಜನ, ಅಲ್ಲೂ ಎಲ್ಲರಿಗೂ ಜಾಕೆಟ್ ಇಲ್ಲ. ನಮ್ಮದೇ ರಾಜ್ಯದಲ್ಲಿ 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ವಾಪಸ್ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಕೆರೆಯಾದರೇನು, ಹೊಳೆಯಾದರೇನು, ಕಡಲಾದರೇನು, ಎಣಿಕೆ ತಪ್ಪಿದ ಕತೆ ಒಂದೇ.

ಇಂಜಿನ್ ಇಲ್ಲದ ದೋಣಿಗಳ ವಿಷಯ ಏನು? ಪೆಡಲ್ ಬೋಟ್, ಹುಟ್ಟು ಹಾಕುವ ದೋಣಿ, ಕೃಷ್ಣಾ ತೀರದ ತೆಪ್ಪ, ಹರಿಗೋಲು ಇವಕ್ಕೆ ಇಂಜಿನ್ ಬೋಟಿನ ಹಾಗೆ ಪೂರ್ತಿ ಸರ್ವೆ, ನೋಂದಣಿ ಇಲ್ಲ. ಆದರೆ ಬಿಟ್ಟೇಬಿಟ್ಟಿಲ್ಲ. ಸರ್ಕಾರ ಸ್ಥಳೀಯ ಸಂಸ್ಥೆಗಳ ಮೂಲಕ, ಅಂದರೆ ಪಂಚಾಯತಿಯವರೆಗೂ ಇಳಿದು, ಇವುಗಳ ಹೆಸರು ದಾಖಲು ಮಾಡಿಸಿ ಪತ್ರ ಕೊಡುವುದಕ್ಕೆ 2021ರ ಕಾಯ್ದೆಯಲ್ಲೇ ಜಾಗ ಇದೆ. ತೆಪ್ಪವನ್ನು ಹಗುರವಾಗಿ ಎಣಿಸಬಾರದು. 2024ರ ಜುಲೈಯಲ್ಲಿ ವಿಜಯಪುರ ಜಿಲ್ಲೆಯದ್ದೇ ಕೊಲ್ಹಾರ ತಾಲ್ಲೂಕಿನ ಬಳೂತಿ ಬಳಿ ಕೃಷ್ಣೆಯಲ್ಲಿ ತೆಪ್ಪ ಮಗುಚಿ ಜನ ಸತ್ತದ್ದು ಆ ಕಡೆಯವರಿಗೆ ಇನ್ನೂ ಹಸಿ ನೆನಪು.

ಇನ್ನೊಂದು ಗೊಂದಲ. ನೋಂದಣಿ ಆಯಿತು ಎಂದರೆ ಯಾವ ಕೆರೆಗೆ ಬೇಕಾದರೂ ಇಳಿಸಬಹುದು ಎಂದಲ್ಲ. ಸ್ಕೂಟರಿಗೆ ಆರ್‌ಸಿ ಇದೆ ಎಂದು ಪಕ್ಕದ ಮನೆಯ ಅಂಗಳದಲ್ಲಿ ನಿಲ್ಲಿಸಲು ಆಗುತ್ತದೆಯೇ? ಕೆರೆಗೆ ಒಡೆಯರು ಇದ್ದಾರೆ. ಒಂದು ಸಣ್ಣ ನೀರಾವರಿ ಇಲಾಖೆಯದ್ದು, ಒಂದು ಪಂಚಾಯತಿಯದ್ದು, ಒಂದು ಮಹಾನಗರ ಪಾಲಿಕೆಯದ್ದು. ಆಲಮಟ್ಟಿ ಹಿನ್ನೀರಾದರೆ ಕೃಷ್ಣಾ ಭಾಗ್ಯ ಜಲ ನಿಗಮವನ್ನು ಕೇಳಬೇಕು. ಕುಡಿಯುವ ನೀರಿನ ಕೆರೆಯಾದರೆ ಡೀಸೆಲ್ ಬೋಟ್ ಬಿಡುವ ಯೋಚನೆಯನ್ನೇ ಕೈಬಿಡುವುದು ಒಳ್ಳೆಯದು. ಊರಿನವರು ಕುಡಿಯುವ ನೀರಿನ ಮೇಲೆ ಎಣ್ಣೆ ತೇಲಿಸಿ ಸಂಪಾದಿಸಿದ ದುಡ್ಡು ನಮಗೆ ಯಾಕೆ?

ಓಡಿಸುವವನಿಗೂ ಅರ್ಹತೆಯ ಪ್ರಮಾಣಪತ್ರ ಬೇಕು. ಬೈಕ್ ಚೆನ್ನಾಗಿ ಓಡಿಸುತ್ತಾನೆ, ಈಜು ಬರುತ್ತದೆ ಎಂದು ಹದಿನೆಂಟರ ಹುಡುಗನ ಕೈಗೆ ಇಂಜಿನ್ ಕೊಡುವುದಲ್ಲ. ಬೋಟಿಗೆ ಬ್ರೇಕ್ ಇಲ್ಲ. ಮೂರನೆಯವರ ಹಾನಿಗೆ ವಿಮೆಯೂ ಕಡ್ಡಾಯ. ಇನ್ಶೂರೆನ್ಸ್ ಎಂದ ಕೂಡಲೇ ಹಲಾಲೋ ಹರಾಮೋ ಎಂದು ನಮ್ಮನ್ನು ತಡೆದು ನಿಲ್ಲಿಸುವವರಿದ್ದಾರೆ. ಕಾನೂನು ಕಡ್ಡಾಯ ಮಾಡಿದ ವಿಮೆಯ ಬಗ್ಗೆ ಉಲಮಾಗಳು ಮಾತಾಡಿದ್ದಾರೆ, ತಮ್ಮ ತಮ್ಮ ಖಾಝಿಯವರಲ್ಲಿ ಕೇಳಿಕೊಳ್ಳಬಹುದು. ಕೇಳುವವರ ಸ್ಕೂಟರಿಗೆ ವಿಮೆ ಇದ್ದೇ ಇರುತ್ತದೆ ಎಂಬುದು ಬೇರೆ ಮಾತು. ಅಪಘಾತವಾದರೆ ಹತ್ತಿರದ ಠಾಣೆಗೆ ತಿಳಿಸುವುದೂ ಮಾಲೀಕ, ಚಾಲಕರ ಹೊಣೆ. ಬೋಟ್ ಬಿಟ್ಟು ಓಡಿಹೋಗುವುದು ಇನ್ನೊಂದು ಅಪರಾಧ.

ಇಷ್ಟೆಲ್ಲ ಹೇಳಿದರೆ ಕೆಲವರು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ: "ಆಯುಷ್ಯ ಮುಗಿದವನು ಮನೆಯಲ್ಲಿ ಕೂತರೂ ಸಾಯ್ತಾನೆ ಉಸ್ತಾದ್. ನೀರಲ್ಲಿ ಹೋದವನಿಗೆ ಶಹೀದಿನ ಕೂಲಿಯೂ ಉಂಟಲ್ಲ?" ನೀರಿನಲ್ಲಿ ಮುಳುಗಿ ಸತ್ತವರಿಗೆ ಶಹೀದರ ಪ್ರತಿಫಲವಿದೆ ಎಂದು ಹದೀಸ್‌ನಲ್ಲಿ ಬಂದಿರುವುದು ನಿಜ. ಅದು ಸತ್ತವರಿಗೆ, ಅವರನ್ನು ಕಳಕೊಂಡ ಉಮ್ಮಂದಿರಿಗೆ ಇರುವ ಸಮಾಧಾನ. ಹೆಚ್ಚು ಜನ ತುಂಬಿಸಿದವನಿಗೆ ಅದರಲ್ಲಿ ರಿಯಾಯಿತಿ ಇಲ್ಲ. ತಕ್ದೀರ್ ಎಂಬ ಮಾತನ್ನು ನಾವು ಬಳಸುವ ಜಾಗ ಯಾವುದು ಎಂದು ಯೋಚಿಸಬೇಕು. ಅಂಗಡಿಗೆ ಬೀಗ ಹಾಕುವಾಗ ತಕ್ದೀರ್ ನೆನಪಾಗುವುದಿಲ್ಲ, ಮಕ್ಕಳನ್ನು ಲೆಕ್ಕಕ್ಕಿಂತ ಹೆಚ್ಚು ಹತ್ತಿಸುವಾಗ ಮಾತ್ರ ನೆನಪಾಗುತ್ತದೆ. ಒಂಟೆಯನ್ನು ಕಟ್ಟದೆ ಬಿಟ್ಟು ಅಲ್ಲಾಹನ ಮೇಲೆ ಭರವಸೆ ಇಡಲೇ ಎಂದು ಕೇಳಿದವನಿಗೆ, ಕಟ್ಟಿ ಆಮೇಲೆ ಭರವಸೆ ಇಡು ಎಂಬ ಅರ್ಥದಲ್ಲಿ ಪ್ರವಾದಿಯವರು (ಸ) ಹೇಳಿದ್ದನ್ನು ಮದ್ರಸದ ಚಿಕ್ಕ ತರಗತಿಯ ಮಕ್ಕಳೂ ಬಲ್ಲರು.

ಬುಖಾರಿಯಲ್ಲಿ ನುಅ್ಮಾನ್ ಬಿನ್ ಬಶೀರ್ (ರ) ವರದಿ ಮಾಡಿದ ಇನ್ನೊಂದು ಹದೀಸ್ ಇದೆ. ಒಂದು ಹಡಗು, ಮೇಲಿನ ಅಂತಸ್ತಿನಲ್ಲಿ ಕೆಲವರು, ಕೆಳಗೆ ಕೆಲವರು. ಕೆಳಗಿನವರು ನೀರಿಗೆ ಪ್ರತಿಸಲ ಮೇಲೆ ಹೋಗುವುದು ಯಾಕೆ, ನಮ್ಮ ಪಾಲಿನ ಜಾಗದಲ್ಲೇ ಒಂದು ತೂತು ಕೊರೆದುಕೊಂಡರಾಯಿತು ಎಂದುಕೊಳ್ಳುತ್ತಾರೆ. ಮೇಲಿನವರು ತಡೆಯದೆ ಬಿಟ್ಟರೆ ಎಲ್ಲರೂ ಮುಳುಗುತ್ತಾರೆ, ಕೈ ಹಿಡಿದರೆ ಎಲ್ಲರೂ ಉಳಿಯುತ್ತಾರೆ. ಸಮಾಜದ ಬಗ್ಗೆ ಉಪಮೆಯಾಗಿ ಇದನ್ನು ವಅ್‌ಳ್‌ಗಳಲ್ಲಿ ಎಷ್ಟು ಸಲ ಕೇಳಿಲ್ಲ! ಬೋಟಿನ ಬಗ್ಗೆಯೇ ಒಂದು ಸಲ ಕೇಳಿದರೆ ಏನು? ಜಾಗ ತುಂಬಿದ ಮೇಲೂ "ಇನ್ನಿಬ್ಬರು ಬರಲಿ, ಅಡ್ಜಸ್ಟ್ ಮಾಡುವ" ಎನ್ನುವವನ ಕೈ ಹಿಡಿಯಬೇಕಾದದ್ದು ಆಗಲೇ ಕೂತಿರುವವರು.

ಫಿಕ್ಹ್‌ನವರು ಇದನ್ನು ಬರಿ ಉಪದೇಶಕ್ಕೆ ಬಿಟ್ಟಿಲ್ಲ. ನಾವು ಶಾಫಿಈಗಳು ದರ್ಸ್‌ನಲ್ಲಿ ಓದುವ ಇಮಾಂ ನವವಿಯವರ ಮಿನ್‌ಹಾಜ್‌ನಲ್ಲಿ, ಜೀವಹಾನಿಯ ಪರಿಹಾರ ಹೇಳುವ ಭಾಗದಲ್ಲಿ, ಎರಡು ಹಡಗು ಡಿಕ್ಕಿಯಾದರೆ ಹೊಣೆ ಹೇಗೆ ಎಂಬ ಚರ್ಚೆ ಇದೆ. ನಾವಿಕರನ್ನು ಅಲ್ಲಿ ಕುದುರೆ ಸವಾರರ ಲೆಕ್ಕಕ್ಕೆ ಹಿಡಿಯಲಾಗಿದೆ. ಮುಳುಗುವ ಹಾಗಾದರೆ ಸಾಮಾನನ್ನು ನೀರಿಗೆ ಎಸೆಯಬಹುದು, ಜನ ಉಳಿಯುವ ಆಸೆ ಇದ್ದರೆ ಎಸೆಯಲೇಬೇಕು ಎಂದೂ ಇದೆ. ಎಸೆದ ಸಾಮಾನಿನ ನಷ್ಟ ಯಾರು ಕೊಡಬೇಕು ಎಂಬ ಚರ್ಚೆಯೂ ಅದರ ಜೊತೆಗೇ ಬರುತ್ತದೆ. ಏಳುನೂರು ವರ್ಷಕ್ಕೂ ಹಿಂದೆ ದಮಾಸ್ಕಸ್ ಸೀಮೆಯಲ್ಲಿ ಕೂತು ಬರೆದವರಿಗೆ ಬೋಟಿನ ಭಾರದ ಚಿಂತೆ ಇತ್ತು. ಸರ್ಕಾರದ ಸರ್ವೆ ಪತ್ರವನ್ನು ತಪ್ಪಿಸಿಕೊಳ್ಳಬೇಕಾದ ಪೀಡೆ ಎಂದು ನೋಡುವ ನಾವು, ಅದೇ ಚಿಂತೆಯ ಇನ್ನೊಂದು ರೂಪ ಅದು ಎಂದು ಯಾಕೆ ನೋಡಬಾರದು? ಟಿಕೆಟ್ ಹಣ ಕೈಗೆ ಬಂತೆಂದರೆ ಹತ್ತಿದವನ ಜೀವ ಬೋಟ್ ಮಾಲೀಕನ ಅಮಾನತ್ತು.

ಈಗ ಹತ್ತುವವರ ವಿಷಯ. ಮದ್ರಸದಿಂದ ಮಕ್ಕಳನ್ನು ಕರೆದುಕೊಂಡು ಹೋಗುವವರು ಇದನ್ನು ಸ್ವಲ್ಪ ನಿಧಾನ ಓದಬೇಕು.

ದಡದಲ್ಲಿ ನಿಂತು ಮೊದಲು ಬೋಟಿನ ಮೈ ನೋಡಿ. ನಂಬರು ಬರೆದಿದೆಯೇ, ಎಷ್ಟು ಜನ ಎಂದು ಬರೆದಿದೆಯೇ? ಇಲ್ಲದಿದ್ದರೆ ಕೇಳಿ. ಕೇಳಿದರೆ ಸಿಟ್ಟಾಗುವವನ ಬೋಟ್ ಬೇಡ. ಬಸ್ಸಿನಲ್ಲಿ ಮಕ್ಕಳಿಗೆ ಅರ್ಧ ಟಿಕೆಟ್ ಉಂಟು, ತೊಡೆಯ ಮೇಲೆ ಕೂರುವ ಮಗುವಿಗೆ ಟಿಕೆಟೇ ಇಲ್ಲ. ಅದೇ ಅಭ್ಯಾಸದಲ್ಲಿ ಬೋಟಿನಲ್ಲೂ "ಸಣ್ಣವರು ಲೆಕ್ಕಕ್ಕಿಲ್ಲ" ಎನ್ನುತ್ತಾರೆ. ಮುಳುಗುವಾಗ ಹಿಡಿದುಕೊಳ್ಳಲು ಮಗುವಿಗೂ ಒಂದು ಪೂರ್ತಿ ಜಾಗ, ಒಂದು ಪೂರ್ತಿ ಜಾಕೆಟ್ ಬೇಕು. ಹೆಸರು ಕರೆದು ಎಣಿಸಿ ಹತ್ತಿಸಿ, ಹೆಸರು ಕರೆದು ಇಳಿಸಿ.

ಜಾಕೆಟ್ ಬೋಟಿನಲ್ಲಿ ಇದ್ದರೆ ಸಾಲದು, ಮೈಮೇಲೆ ಇರಬೇಕು, ಪಟ್ಟಿ ಬಿಗಿದಿರಬೇಕು. ದೊಡ್ಡವರ ಜಾಕೆಟನ್ನು ಆರು ವರ್ಷದ ಮಗುವಿಗೆ ಹಾಕಿದರೆ ನೀರಿಗೆ ಬಿದ್ದ ಕೂಡಲೇ ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಹಾಕಿಸಿದ ಮೇಲೆ ಹೆಗಲಿನ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಕಿವಿಯವರೆಗೆ ಬಂದರೆ ಅದು ಆ ಮಗುವಿನ ಅಳತೆಯದಲ್ಲ.

ನಮ್ಮ ಹೆಂಗಸರು ಜಾಕೆಟ್ ಬೇಡ ಎನ್ನುವುದಕ್ಕೆ ಕಾರಣ ಹೆಚ್ಚಾಗಿ ಹೆದರಿಕೆ ಇಲ್ಲದ್ದಲ್ಲ, ಸಂಕೋಚ. ಪಟ್ಟಿ ಬಿಗಿಯಲು ಬೋಟಿನ ಹುಡುಗ ಹತ್ತಿರ ಬರುತ್ತಾನಲ್ಲ ಎಂದು. ಅದಕ್ಕೆ ದಾರಿ ಸುಲಭ. ದಡದಲ್ಲೇ ಜಾಕೆಟ್ ತೆಗೆದುಕೊಂಡು ಗಂಡ, ಅಣ್ಣ, ಇಲ್ಲವೇ ಜೊತೆಯ ಹೆಂಗಸರೇ ಒಬ್ಬರಿಗೊಬ್ಬರು ಬಿಗಿದುಕೊಳ್ಳುವುದು. ಜಾಕೆಟ್ ಬುರ್ಖಾದ ಮೇಲೆಯೇ ಬರಬೇಕು, ಒಳಗೆ ಅಲ್ಲ. ಒಳಗೆ ಹಾಕಿದರೆ ಉಬ್ಬಿದ ಬಟ್ಟೆ ಮುಖಕ್ಕೆ ಬರುತ್ತದೆ, ಬೇಕಾದಾಗ ಎಳೆದು ಹಿಡಿಯಲು ಇನ್ನೊಬ್ಬರಿಗೆ ಸಿಗುವುದೂ ಇಲ್ಲ. ಶಾಲಿನ ತುದಿಯನ್ನು ಕುರ್ಚಿಗೆ ಗಂಟು ಹಾಕಿಕೊಂಡು ಕೂರುವುದು, ಮಗುವನ್ನು ತನ್ನ ಶಾಲಿಗೆ ಕಟ್ಟಿಕೊಳ್ಳುವುದು ಎರಡೂ ಬೇಡ.

ಬೋಟಿನಲ್ಲಿ ಹೆಚ್ಚು ಅಪಾಯ ಫೋಟೋ ತೆಗೆಯುವ ಹೊತ್ತು. ಒಬ್ಬ "ಅದ ನೋಡಿ" ಎಂದರೆ ಇಪ್ಪತ್ತು ಜನ ಒಂದೇ ಬದಿಗೆ ಎದ್ದು ಬರುತ್ತಾರೆ. ಕೂತ ಜಾಗದಿಂದ ಏಳಬಾರದು ಎಂದು ಹೊರಡುವ ಮೊದಲೇ ಹೇಳಿ. ಸವಾರಿಯ ದುಆ ಹೇಳಿಕೊಟ್ಟ ಬೆನ್ನಲ್ಲೇ ಇದನ್ನೂ ಹೇಳಿಕೊಟ್ಟರೆ ಮಕ್ಕಳಿಗೆ ಮರೆಯುವುದಿಲ್ಲ.

ಆ ಕಡೆಯ ನೀರಿನ ಸ್ವಭಾವವೂ ನಮ್ಮ ಹೊಳೆಯ ಹಾಗಲ್ಲ. ಬಯಲು ಸೀಮೆ, ಗಾಳಿಗೆ ಅಡ್ಡ ಇಲ್ಲ. ದೊಡ್ಡ ಕೆರೆಯಲ್ಲಿ ಮಧ್ಯಾಹ್ನದ ಗಾಳಿ ಎದ್ದರೆ ಅಲೆ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ಸುಡುತ್ತಿರುವಾಗಲೇ ಸಂಜೆ ಗುಡುಗು ಮಳೆ ಏಳುವುದುಂಟು. ಕೃಷ್ಣೆಯ ಹಿನ್ನೀರಿನ ಅಡಿಯಲ್ಲಿ ಮುಳುಗಡೆಯಾದ ಊರುಗಳ ಗೋಡೆ, ಮರ ಉಳಿದಿರಬಹುದು. ನೀರು ಇಳಿದ ಕಾಲದಲ್ಲಿ ಅವು ಬೋಟಿನ ತಳಕ್ಕೆ ಹತ್ತಿರ ಬರುತ್ತವೆ. ಗಾಳಿ ಕೆರಳಿದಾಗ ಕಡಲಿಗೆ ಇಳಿಯುವವನ ಬಗ್ಗೆ ಹದೀಸ್‌ನಲ್ಲಿ ಎಚ್ಚರಿಕೆ ಇದೆ. ತಡೆಗೋಡೆ ಇಲ್ಲದ ಮಾಳಿಗೆಯ ಮೇಲೆ ಮಲಗುವವನ ಜೊತೆಗೇ ಅವನನ್ನೂ ಹೇಳಲಾಗಿದೆ.

ಪ್ರವಾಸದ ಪಟ್ಟಿ ಮಾಡುವಾಗ ಬೋಟಿಂಗನ್ನು ಕೊನೆಗೆ ಇಡುವುದು ನಮ್ಮಲ್ಲಿ ರೂಢಿ. ದಿನವೆಲ್ಲ ಗುಮ್ಮಟ, ರೋಜಾ ಸುತ್ತಿ, ಊಟ ತಡವಾಗಿ, ನೀರಿನ ಹತ್ತಿರ ಬರುವಾಗ ಸೂರ್ಯ ಇಳಿದಿರುತ್ತಾನೆ. ಡಿಸೆಂಬರಿನಲ್ಲಿ ವಿಜಯಪುರದಲ್ಲಿ ಆರು ಗಂಟೆಯ ಹೊತ್ತಿಗೆ ಕತ್ತಲು ಶುರು. ನೀರಿನ ಕಾರ್ಯಕ್ರಮವನ್ನು ಬೆಳಗ್ಗೆ ಇಡಿ, ಹೆಚ್ಚೆಂದರೆ ಅಸರ್‌ಗೆ ಮೊದಲು ಮುಗಿಸಿ. ತಡವಾಗಿ ತಲುಪಿದಿರೋ, ಟಿಕೆಟ್ ಆಗಲೇ ತೆಗೆದಿದ್ದರೂ ಮಕ್ಕಳನ್ನು ಹತ್ತಿಸಬೇಡಿ. ಕೌಂಟರಿನಲ್ಲಿ ಹಣ ವಾಪಸ್ ಕೇಳಿ. ಕೊಡದಿದ್ದರೆ ಪ್ರವಾಸದ ಲೆಕ್ಕದಲ್ಲಿ ಅಷ್ಟು ಖರ್ಚು ಬರೆದುಕೊಂಡು ಬಸ್ಸು ಹತ್ತಿಸಿ.